ಹತ್ತು ತಿಂಗಳ ಅಡ್ವಾನ್ಸು, ಒಂದು ನಾಯಿ, ನಮ್ಮ ಜಾತಿ



ಸ್ವಲ್ಪ ಉದ್ದ ಬರೆದಿದ್ದೀನಿ, ಪುರಸೊತ್ತು ಮಾಡ್ಕೊಂಡು ಓದಿ. ವಿಷಯ ಬಾಡಿಗೆ ಮನೆಯಲ್ಲಿ ನಾಯಿ ಬೆಕ್ಕು ಸಾಕೋದು, ಆಮೇಲೆ ಆ ನೆಪದಲ್ಲಿ ಅಡ್ವಾನ್ಸ್ ಮುರ್ಕೊಳ್ಳೋದು. ಭೂಮಿ, ಒಳಮೀಸಲಾತಿ, ಸ್ಮಶಾನದ ಜಾಗ ಇಷ್ಟೆಲ್ಲ ಬಾಕಿ ಇರುವಾಗ ಇದೂ ಒಂದು ಚಳವಳಿ ವಿಷಯಾನಾ ಸಾರ್ ಅಂತ ನಮ್ಮ ಸಂಗಾತಿಯೊಬ್ಬರು ಫೋನಲ್ಲೇ ನಕ್ಕರು. ನಗಲಿ. ಆದರೆ ಒಂದು ಲೆಕ್ಕ ಅವರೂ ಹಾಕಲಿ. ಆನೇಕಲ್ ತಾಲೂಕಿನ ನಮ್ಮ ಕೇರಿಗಳಲ್ಲಿ ಇವತ್ತು ಗೇಯ್ಮೆ ಮಾಡೋಕೆ ಜಮೀನು ಉಳಿಸ್ಕೊಂಡಿರೋ ಮನೆ ಎಷ್ಟು? ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆ ಕಡೆ ಕಾರ್ಖಾನೆಗೆ ಹೋಗಿ ಬಾಡಿಗೆ ಮನೆಯಲ್ಲಿ ಇರೋ ನಮ್ಮ ಹುಡುಗರು ಹುಡುಗೀರು ಎಷ್ಟು? ಮಳವಳ್ಳಿ, ಕನಕಪುರ, ಕೊಳ್ಳೇಗಾಲ, ರಾಯಚೂರು, ಕಲಬುರಗಿಯಿಂದ ಬಂದು ಇಲ್ಲಿ ಚಂದಾಪುರ, ಹೆಬ್ಬಗೋಡಿ ಸುತ್ತ ಒಂದು ರೂಮು ಹಿಡಿದಿರೋ ನಮ್ಮ ಜನ ಎಷ್ಟು? ಇವರಿಗೆ ದಿನಾ ಎದುರಾಗೋ ಊರಗೌಡ ಯಾರು ಅಂದ್ರೆ ಮನೆ ಓನರ್ರು. ಹಾಗಾಗಿ ಇದು ಚಳವಳಿ ವಿಷಯಾನೇ.

ಒಂದು ಪ್ರಕರಣ ಹೇಳ್ತೀನಿ. ಚಂದಾಪುರದ ಕಡೆ ಒಂದು ಜೋಡಿ. ಹೆಸರು ಬೇಡ, ಅವರು ಮುಂದೆ ಇನ್ನೊಂದು ಮನೆ ಹುಡುಕಬೇಕಾಗಿ ಬರುತ್ತೆ. ಹುಡುಗ ಜಿಗಣಿಯಲ್ಲಿ ಸಿಎನ್‌ಸಿ ಮಷೀನ್ ಆಪರೇಟರು. ಆಯಮ್ಮ ಬೊಮ್ಮಸಂದ್ರದಲ್ಲಿ ಗಾರ್ಮೆಂಟ್ಸಿಗೆ ಹೋಗ್ತಾಳೆ. ಮೊದಲನೇ ಮಹಡಿಯಲ್ಲಿ ಸಿಂಗಲ್ ಬೆಡ್‌ರೂಂ, ಬಾಡಿಗೆ 8,000, ಅಡ್ವಾನ್ಸ್ 80,000. ಆ ಎಂಬತ್ತು ಸಾವಿರ ಎಲ್ಲಿಂದ ಬಂತು? ಮೂವತ್ತು ಸಾವಿರಕ್ಕೆ ಆಯಮ್ಮ ಚೀಟಿ ಎತ್ತಿದಳು. ಉಳಿದ ಐವತ್ತು ಸಾವಿರ ಎರಡು ರೂಪಾಯಿ ಬಡ್ಡಿಗೆ ಕೈಸಾಲ. ತಿಂಗಳಿಗೆ ಸಾವಿರ ಬಡ್ಡಿ. ಅಂದ್ರೆ ಅಗ್ರಿಮೆಂಟಲ್ಲಿ ಎಂಟು ಸಾವಿರ ಇದ್ದ ಬಾಡಿಗೆ, ಅವರ ಜೇಬಿನ ಲೆಕ್ಕದಲ್ಲಿ ಒಂಬತ್ತು ಸಾವಿರ.

ಒಂದು ಮಳೆಗಾಲದಲ್ಲಿ ನಿಂತಿದ್ದ ಟೆಂಪೋ ಕೆಳಗಿಂದ ನಾಯಿಮರಿಯೊಂದನ್ನ ಎತ್ಕೊಂಡು ಬಂದರು. ಬೀದಿ ನಾಯಿಮರಿ, ಮೈಯೆಲ್ಲಾ ಕಪ್ಪು. ಕರಿಯ ಅಂತ ಹೆಸರಿಟ್ಟರು. ಸರ್ಕಾರಿ ಪಶು ಆಸ್ಪತ್ರೆಗೆ ಕರ್ಕೊಂಡು ಹೋಗಿ ಹುಚ್ಚುನಾಯಿ ರೋಗದ ಇಂಜೆಕ್ಷನ್ ಹಾಕಿಸಿ ಚೀಟಿ ಇಟ್ಕೊಂಡಿದ್ದರು. ಓನರ್‌ಗೆ ಗೊತ್ತಿತ್ತು. ಓನರ್ ಮೊಮ್ಮಕ್ಕಳೇ ಅದಕ್ಕೆ ಬಿಸ್ಕತ್ತು ಹಾಕ್ತಿದ್ದವು. ಹೀಗೆ ಎಂಟೊಂಬತ್ತು ತಿಂಗಳು ನಡೀತು. ಯಾರಿಗೂ ನಾಯಿ ವಾಸನೆ ಬಂದಿರಲಿಲ್ಲ.

ಏಪ್ರಿಲ್ 14 ಬಂತು. ಗಂಡ ಹೆಂಡತಿ ಇಬ್ಬರೂ ಆನೇಕಲ್ಲಿನಲ್ಲಿ ಬಾಬಾಸಾಹೇಬರ ಜಯಂತಿ ಮೆರವಣಿಗೆಗೆ ಬಂದಿದ್ದರು. ನೀಲಿ ಶಾಲು ಹಾಕ್ಕೊಂಡು ಫೋಟೋ ತೆಗೆಸ್ಕೊಂಡು ಆಯಮ್ಮ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದಳು. ಬಾಡಿಗೆ ಕಳಿಸೋ ನಂಬರಿಗೆ ಸ್ಟೇಟಸ್ ಕಾಣುತ್ತೆ ಅನ್ನೋದು ಯಾಕೆ ನೆನಪಾಗಬೇಕು ಹೇಳಿ. ಒಂದು ವಾರದಲ್ಲಿ ಮೆಟ್ಟಿಲಲ್ಲಿ ನಾಯಿ ಕೂದಲು ಸಿಕ್ತು. ಎರಡನೇ ವಾರ ವಾಸನೆ ಬಂತು. ಮೇ ಮೊದಲ ವಾರ, ‘ನಾಯಿ ಸಾಕೋರಿಗೆ ನಾವು ಮನೆ ಕೊಡಲ್ಲ, ತಿಂಗಳೊಳಗೆ ಖಾಲಿ ಮಾಡಿ’ ಅಂದರು. ‘ನಾಯೀನ ಊರಿಗೆ ಬಿಟ್ಟು ಬರ್ತೀವಿ ಆಂಟಿ’ ಅಂದಳಂತೆ ಆಯಮ್ಮ. ‘ಇಲ್ಲಮ್ಮ, ನಮ್ ಮಗಳು ಬರ್ತಾಳೆ, ಮನೆ ಬೇಕು’ ಅಂತ ಮಾತು ಬದಲಾಯ್ತು.

ಇಲ್ಲಿ ಗಮನಿಸಿ. ಯಾರೂ ಜಾತಿ ಅಂದಿಲ್ಲ. ಸಾಬೀತು ಮಾಡು ಅಂದ್ರೆ ನನ್ನ ಕೈಲಿ ಆಗಲ್ಲ. ಆದರೆ ನಾಯಿ ಸಮಸ್ಯೆ ಆಗಿದ್ದಿದ್ರೆ ನಾಯಿ ಹೋದ ಮೇಲೆ ಸಮಸ್ಯೆನೂ ಹೋಗಬೇಕಿತ್ತಲ್ಲವಾ.

ಖಾಲಿ ಮಾಡೋ ದಿನ ಲೆಕ್ಕದ ಚೀಟಿ ಕೊಟ್ಟರು. ಪೇಂಟಿಂಗ್ 8,000. ನಾಯಿ ಪರಚಿದ ಬಾಗಿಲು 12,000. ಅಡುಗೆಮನೆ ಕಿಟಕಿಯ ಸೊಳ್ಳೆ ಮೆಶ್ 5,000. ‘ಡೀಪ್ ಕ್ಲೀನಿಂಗ್’ 6,000. ಒಟ್ಟು 31,000 ಮುರ್ಕೊಂಡು ಉಳಿದದ್ದನ್ನ ‘ಹೊಸಬರು ಬಂದ ಮೇಲೆ ಕೊಡ್ತೀವಿ’ ಅಂದರು. ನಾವು ಮೂರು ಜನ ಹೋಗಿ ಮಾತಾಡಿದೆವು. ಕೂಗಾಡಲಿಲ್ಲ, ಧಿಕ್ಕಾರ ಹಾಕಲಿಲ್ಲ. ಜೊತೆಗೆ ಗೊತ್ತಿರೋ ಮರಗೆಲಸದವರೊಬ್ಬರನ್ನ ಕರ್ಕೊಂಡು ಹೋಗಿದ್ದೆವು. ಅವರು ಬಾಗಿಲು ಮುಟ್ಟಿ ನೋಡಿ, ‘ಕೆಳಗಡೆ ಒಂದಡಿ ಉಜ್ಜಿ ಪಾಲಿಶ್ ಹೊಡೆದರೆ ಮುಗೀತು, ಹೆಚ್ಚಂದ್ರೆ ಎರಡು ಸಾವಿರ’ ಅಂದರು. ಮೆಶ್ ವಿಷಯಕ್ಕೆ ನಮಗೆ ಸಿಕ್ಕ ಸಾಕ್ಷಿ ಕೇಳಿ: ಮನೆಗೆ ಬಂದ ದಿನ ಹಾಲು ಉಕ್ಕಿಸಿದ ವಿಡಿಯೋ. ಹಾಲು ಉಕ್ತಾ ಇದೆ, ಹೆಂಗಸರು ನಗ್ತಾ ಇದ್ದಾರೆ, ಒಲೆ ಹಿಂದಿನ ಕಿಟಕಿಯಲ್ಲಿ ಮೆಶ್ ಅಂಗೈಯಗಲ ಹರಿದು ನೇತಾಡ್ತಾ ಇದೆ. ಕರಿಯ ಆವತ್ತಿಗೆ ಹುಟ್ಟೇ ಇರಲಿಲ್ಲ.

ಬಾಗಿಲಲ್ಲಿ ಹತ್ತು ಸಾವಿರ, ಮೆಶ್‌ನ ಐದು ಸಾವಿರ ಬಿಟ್ಟರು. ಒಟ್ಟು 64,000 ಬಂತು, ಅದೂ ಮೂರು ಕಂತಲ್ಲಿ, ನಾಲ್ಕು ತಿಂಗಳಿಗೆ. ಅಷ್ಟರಲ್ಲಿ ಹೊಸ ಮನೆಗೆ ಅಡ್ವಾನ್ಸ್ ಕಟ್ಟೋಕೆ ಅವರು ಇನ್ನೊಂದು ಸಾಲ ಮಾಡಿ ಆಗಿತ್ತು. ಕರಿಯ ಈಗ ಹಾರೋಹಳ್ಳಿ ಕಡೆ ಆಯಮ್ಮನ ತವರಲ್ಲಿದೆ.

ಈಗ ನನ್ನ ಮಾತು. ನಾಯಿ ಸಾಕಬಾರದು ಅನ್ನೋ ಷರತ್ತನ್ನ ಮಾತ್ರ ನೋಡಿದರೆ ಅದು ಸಣ್ಣ ವಿಷಯ. ಹತ್ತು ತಿಂಗಳ ಅಡ್ವಾನ್ಸ್ ಮಾತ್ರ ನೋಡಿದರೆ ಬೆಂಗಳೂರಿನ ರೂಢಿ ಅನ್ನಿಸುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತೆ. ಷರತ್ತು ಅಂದ್ರೆ ಯಾವಾಗ ಬೇಕಾದರೂ ಎಳೆಯಬಹುದಾದ ದಾರ. ಅಡ್ವಾನ್ಸ್ ಅಂದ್ರೆ ಆ ದಾರ ಎಳೆದಾಗ ನೀವು ಬಾಯಿ ಬಿಡದ ಹಾಗೆ ಇಟ್ಕೊಂಡಿರೋ ಒತ್ತೆ. ಗೋಡೆಗೆ, ಬಾಗಿಲಿಗೆ ಭದ್ರತೆ ಬೇಕಿದ್ರೆ ಎರಡು ತಿಂಗಳ ದುಡ್ಡು ಸಾಕು. ಹತ್ತು ತಿಂಗಳು ಬೇಕಾಗಿರೋದು ಬಾಡಿಗೆದಾರನ ಬಾಯಿಗೆ ಬೀಗ ಹಾಕೋಕೆ. ಎಂಬತ್ತು ಸಾವಿರ ಓನರ್ ಕೈಯಲ್ಲಿ ಇರುವಾಗ ನೀರು ಬಿಡಲಿಲ್ಲ ಅಂತ ಜಗಳ ಮಾಡ್ತೀರಾ? ರಾತ್ರಿ ಹತ್ತಕ್ಕೆ ಗೇಟ್ ಹಾಕಿದರೆ ಕೇಳ್ತೀರಾ? ಜಾತಿ ಎತ್ತಿ ಆಡಿದರೆ ಸ್ಟೇಷನ್ನಿಗೆ ಹೋಗ್ತೀರಾ? ಹೋಗಲ್ಲ. ಮೊದಲು ದುಡ್ಡು ವಾಪಸ್ ಬರಲಿ ಅಂತ ಸುಮ್ಮನಿರ್ತೀರಿ. ದುಡ್ಡು ಬಂದ ಮೇಲೆ ಹಾಳಾಗೋಗಲಿ ಅಂತ ಬಿಟ್ಟುಬಿಡ್ತೀರಿ. ದೌರ್ಜನ್ಯದ ಕೇಸುಗಳು ದಾಖಲಾಗದೇ ಇರೋದಕ್ಕೆ ನಾವು ಪೊಲೀಸರನ್ನ ಬೈತೀವಿ, ಬೈಬೇಕು. ಆದರೆ ಎಷ್ಟೋ ಕೇಸು ಸ್ಟೇಷನ್ ಮೆಟ್ಟಿಲವರೆಗೂ ಬರದೇ ಇರೋದಕ್ಕೆ ಈ ಅಡ್ವಾನ್ಸೂ ಒಂದು ಕಾರಣ.

ಬಾಡಿಗೆ ಮನೆ ಹುಡುಕುವಾಗ ಕೇಳೋ ಪ್ರಶ್ನೆಗಳು ನಿಮಗೆ ಗೊತ್ತೇ ಇದೆ. ‘ಸ್ವಂತ ಊರು ಯಾವುದು?’ ‘ಊರಲ್ಲಿ ಮನೆ ಎಲ್ಲಿ ಬರುತ್ತೆ?’ ‘ನಾನ್‌ವೆಜ್ ಮಾಡ್ತೀರಾ, ಯಾವಾಗ್ಲೋ ಒಂದ್ಸಲಾನಾ?’ ಎಲ್ಲದಕ್ಕಿಂತ ಜಾಣ ಪ್ರಶ್ನೆ ‘ಮನೆದೇವ್ರು ಯಾವುದು?’ ನಮ್ಮ ಹಳೇ ಮೈಸೂರು ಕಡೆ ಈ ಒಂದು ಪ್ರಶ್ನೆ ಸಾಕು, ಜಾತಿ ಸರ್ಟಿಫಿಕೇಟ್ ಬೇಡ. 2009ರಲ್ಲಿ ನಾನು ಆಫೀಸಿಗೆ ಹತ್ತಿರ ಅಂತ ಮನೆ ಹುಡುಕ್ತಿದ್ದಾಗ ಒಬ್ಬ ಯಜಮಾನರು ಕಾಫಿ ಕೊಟ್ಟು, ಸರ್ಕಾರಿ ಕೆಲಸದವರು ಅಂದ್ರೆ ನಮಗೆ ಇಷ್ಟ ಅಂದು, ಮನೆದೇವ್ರು ಕೇಳಿದರು. ಹೇಳಿದೆ. ‘ಸಂಜೆ ಫೋನ್ ಮಾಡ್ತೀನಿ’ ಅಂದರು. ಇನ್ನೂ ಸಂಜೆ ಆಗಿಲ್ಲ.

ಇತ್ತೀಚೆಗೆ ಈ ಪಟ್ಟಿಗೆ ‘ಪೆಟ್ಸ್ ಇದ್ಯಾ?’ ಅನ್ನೋದೂ ಸೇರಿದೆ. ಮೇಲ್ನೋಟಕ್ಕೆ ಇದರಲ್ಲಿ ಜಾತಿ ಇಲ್ಲ, ಮೇಲ್ಜಾತಿಯ ಟೆಕ್ಕಿಗೂ ಇದೇ ಪ್ರಶ್ನೆ. ಆದರೆ ಪೆಟ್ ಅಂದ ತಕ್ಷಣ ಯಾರ ಚಿತ್ರ ಬರುತ್ತೆ? ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ‘ಪೆಟ್ ಫ್ರೆಂಡ್ಲಿ’ ಅಂತ ಬೋರ್ಡು, ಬೆಳಗ್ಗೆ ಸಂಜೆ ಲ್ಯಾಬ್ರಡಾರ್ ಹಿಡ್ಕೊಂಡು ತಿರುಗಾಡಿಸೋಕೆ ಒಬ್ಬ ಹುಡುಗ. ಆ ಹುಡುಗ ಬಹಳ ಸಲ ನಮ್ಮವನೇ. ಅವನ ರೂಮಿನ ಓನರ್ ಮಾತ್ರ ಅವನು ಸಾಕಿದ ಬೀದಿ ನಾಯಿಗೆ ಜಾಗ ಕೊಡಲ್ಲ. ನಮ್ಮ ಕೇರಿಯಲ್ಲಿ ಹುಟ್ಟಿ ಬೆಳೆದವರಿಗೆ ಪ್ರಾಣಿ ಅಂದ್ರೆ ಶೋಕಿ ಅಲ್ಲ. ಜಗಲಿ ಮೇಲೆ ನಾಯಿ, ಮಂಕರಿ ಕೆಳಗೆ ನಾಟಿ ಕೋಳಿ, ಗೂಟಕ್ಕೆ ಒಂದು ಕುರಿಮರಿ. ಕೋಳಿ ಮೊಟ್ಟೆ ಮಾರಿ ನಮ್ಮವ್ವ ನನಗೆ ನೋಟ್‌ಬುಕ್ ಕೊಡಿಸಿದ್ದಾಳೆ. ಆ ಬದುಕು ಬಿಟ್ಟು ಶೀಟ್ ಮನೆಗೆ ಬಂದವನು ಒಂದು ನಾಯಿಮರಿ ಎತ್ಕೊಂಡು ಬಂದರೆ ಅದು ಅವನ ಊರಿನ ಒಂದು ತುಣುಕು.

‘ನಾಯಿಗೆ ಜಾಗ ಕೊಡ್ತಾರೆ, ನಮಗೆ ಕೊಡಲ್ಲ’ ಅಂತ ಬರೆದು ಲೈಕ್ ತಗೊಳ್ಳೋದು ಬಹಳ ಸುಲಭ. 1927ರ ಮಾರ್ಚಲ್ಲಿ ಮಹಾಡಿನ ಚೌದಾರ್ ಕೆರೆಗೆ ಬಾಬಾಸಾಹೇಬರು ಜನರನ್ನ ಕರ್ಕೊಂಡು ಹೋದಾಗ ಅದೇ ಸತ್ಯ ಇತ್ತು, ದನ ನಾಯಿ ಕುಡಿಯೋ ನೀರನ್ನ ಮನುಷ್ಯರು ಮುಟ್ಟೋ ಹಾಗಿರಲಿಲ್ಲ. ಆದರೆ ಅದರಲ್ಲಿ ನಾಯಿಯ ತಪ್ಪು ಏನೂ ಇಲ್ಲ. ಕೆರೆಯ ಹತ್ತಿರ ನಾಯೀನ ಓಡಿಸಿ ಅಂತ ಅವರು ಕೇಳಲಿಲ್ಲ, ನಮಗೂ ನೀರು ಅಂದರು. ನಾನೂ ಇಲ್ಲಿ ಕೇಳ್ತಿರೋದು ಅಷ್ಟೆ. (ನಮ್ಮ ಆನೇಕಲ್ಲಿನಲ್ಲಿ ಧರ್ಮರಾಯನ ಕರಗ ಎಷ್ಟು ಜೋರಾಗಿ ನಡೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಆ ಧರ್ಮರಾಯ ಜೊತೆಗೆ ಬಂದ ನಾಯೀನ ಬಿಟ್ಟು ಸ್ವರ್ಗಕ್ಕೇ ಬರಲ್ಲ ಅಂದವನು. ಆ ಕಥೆ ಕೇಳಿ ಕೈಮುಗಿಯೋ ಓನರ್ರು ‘ನೋ ಪೆಟ್ಸ್’ ಬೋರ್ಡನ್ನ ಅದೇ ಧರ್ಮರಾಯನಿಗೆ ತೋರಿಸ್ತಾರಾ ಅಂತ ನನಗೆ ಆಗಾಗ ಅನ್ನಿಸುತ್ತೆ. ಇರಲಿ.)

ಮನೆ ಸಿಗದೇ ಇರೋದು ಏನು ಅಂತ ಬಾಬಾಸಾಹೇಬರಿಗಿಂತ ಚೆನ್ನಾಗಿ ಯಾರೂ ಬರೆದಿಲ್ಲ. 1917ರಲ್ಲಿ ಕೊಲಂಬಿಯಾ, ಲಂಡನ್‌ನಲ್ಲಿ ಓದಿ ಬಂದು ಬರೋಡಾ ಸಂಸ್ಥಾನದಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಇರೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿ ಛತ್ರವೊಂದರ ಮಹಡಿಯಲ್ಲಿ ಒಬ್ಬರೇ ಉಳಿದರು. ಹನ್ನೊಂದನೇ ದಿನ ಬೆಳಗ್ಗೆ ದೊಣ್ಣೆ ಹಿಡಿದ ಗುಂಪು ಬಾಗಿಲಿಗೆ ಬಂತು, ಸಂಜೆಯೊಳಗೆ ಖಾಲಿ ಮಾಡು ಅಂತ. ಊರಲ್ಲಿ ಗುರುತಿದ್ದ ಇಬ್ಬರು ಸ್ನೇಹಿತರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ, ಇಬ್ಬರೂ ಒಂದೊಂದು ನೆಪ ಹೇಳಿದರು. ರೈಲು ಬರೋವರೆಗೆ ಕಾಮಾಠಿ ಬಾಗ್ ಉದ್ಯಾನದಲ್ಲಿ ಕೂತಿದ್ದು ಮುಂಬೈಗೆ ವಾಪಸ್ಸಾದರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಇದೆ, ಚಿಕ್ಕ ಪುಸ್ತಕ, ಓದದವರು ಓದಿ. ನನಗೆ ಅದರಲ್ಲಿ ತಟ್ಟೋದು ದೊಣ್ಣೆಯವರಿಗಿಂತ ಆ ಇಬ್ಬರು ಸ್ನೇಹಿತರು. ದೊಣ್ಣೆಯವರು ಜಾತಿ ಅಂದರು, ಮುಗೀತು. ಸ್ನೇಹಿತರು ಮನೆಯ ಆಳು ಬಿಟ್ಟು ಹೋಗ್ತಾರೆ, ಹೆಂಡತಿ ಒಪ್ಪಬೇಕು ಅಂತ ಬೇರೆ ಬೇರೆ ಕಾರಣ ಕೊಟ್ಟರು. ನೂರು ವರ್ಷ ಆದಮೇಲೆ ದೊಣ್ಣೆ ಕಮ್ಮಿ ಆಗಿದೆ, ಕಾರಣಗಳು ಜಾಸ್ತಿ ಆಗಿವೆ. ನಾಯಿ ಅದರಲ್ಲಿ ಹೊಸದು.

ಇದು ನನ್ನ ಅನಿಸಿಕೆ ಮಾತ್ರ ಅಲ್ಲ. ಸುಖದೇವ್ ಥೋರಟ್ ಮತ್ತವರ ಸಂಗಡಿಗರು ದೆಹಲಿ ಸುತ್ತಮುತ್ತ ಮೇಲ್ಜಾತಿ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಬಾಡಿಗೆ ಮನೆ ಕೇಳಿಸಿ ಮಾಡಿದ ಅಧ್ಯಯನ 2015ರಲ್ಲಿ ಇಪಿಡಬ್ಲ್ಯೂ ಪತ್ರಿಕೆಯಲ್ಲಿ ಬಂದಿದೆ. ಅದೇ ಮನೆ, ಅದೇ ಬಾಡಿಗೆ, ಹೆಸರು ಮಾತ್ರ ಬೇರೆ, ಉತ್ತರ ಬೇರೆ. ಕೆಲವರಿಗೆ ಇಲ್ಲ ಅಂದರು, ಕೆಲವರಿಗೆ ಹೂಂ ಅಂದು ಹೆಚ್ಚು ಷರತ್ತು ಹಾಕಿದರು. ಆ ಎರಡನೇದು ನನಗೆ ಮುಖ್ಯ. ನಮಗೆ ಮನೆ ಸಿಕ್ಕೇ ಇಲ್ಲ ಅಂತಲ್ಲ. ಸಿಗುತ್ತೆ, ಬೇರೆಯವರಿಗಿಲ್ಲದ ಷರತ್ತಿನ ಜೊತೆ ಸಿಗುತ್ತೆ.

ಕಾನೂನು ಏನು ಹೇಳುತ್ತೆ ಅಂತ ಕೇಳೋರಿಗೆ ನನಗೆ ಗೊತ್ತಿರೋಷ್ಟು ಹೇಳ್ತೀನಿ. ನಾನು ವಕೀಲ ಅಲ್ಲ, ಬಿ.ಎ. ಓದಿದ ಗುಮಾಸ್ತ, ಆದರೆ ಕಾಗದ ಓದೋದು ನನ್ನ ಹೊಟ್ಟೆಪಾಡು.

ಕರ್ನಾಟಕದ ಬಾಡಿಗೆ ಕಾಯ್ದೆ 1999ರದ್ದು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳನ್ನ ಅದು ಹೊರಗೇ ಇಟ್ಟಿದೆ. ಇವತ್ತು ಹೆಬ್ಬಗೋಡಿಯಲ್ಲಿ ಮೂರೂವರೆ ಸಾವಿರಕ್ಕೆ ಕಿಟಕಿ ಇರೋ ರೂಮು ಸಿಗೋದೂ ಕಷ್ಟ. ಅಂದ್ರೆ ಕಾಯ್ದೆ ಇದೆ, ಅದರೊಳಗೆ ಬಾಡಿಗೆದಾರನೇ ಇಲ್ಲ. ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ತಗೋಬಾರದು, ಮನೆ ವಾಪಸ್ ಪಡೆಯೋ ದಿನವೇ ಕಳೆಯಬೇಕಾದ್ದು ಕಳೆದು ಉಳಿದದ್ದು ಕೊಡಬೇಕು ಅಂತ ಅದರಲ್ಲಿದೆ. ಆದರೆ ಅದು ಮಾದರಿ ಅಷ್ಟೆ, ರಾಜ್ಯ ಮಾಡ್ಕೊಂಡರೆ ಉಂಟು. ನಮ್ಮ ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರೆ ಅಲ್ಲಿ ತಮಿಳುನಾಡು 2017ರಲ್ಲೇ ಕಾಯ್ದೆ ಮಾಡಿ ಠೇವಣಿ ಮೂರು ತಿಂಗಳು ಅಂತ ಬರೆದಿದೆ. ಬೇರೆ ಒಪ್ಪಂದ ಇದ್ದರೆ ಬೇರೆ ಮಾತು ಅಂತ ಅದರಲ್ಲೂ ಒಂದು ಸಂದು ಬಿಟ್ಟಿದ್ದಾರೆ. ಆದರೂ ಕಾಗದದ ಮೇಲೆ ಒಂದು ಅಂಕಿ ಇದೆ. ನಮ್ಮಲ್ಲಿ ಆ ಅಂಕಿಯೂ ಇಲ್ಲ.

ಆಮೇಲೆ ಹನ್ನೊಂದು ತಿಂಗಳ ಅಗ್ರಿಮೆಂಟು. ಯಾಕೆ ಹನ್ನೊಂದು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ವರ್ಷ ಮೀರೋ ಬಾಡಿಗೆ ಕರಾರನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು, ಓಡಾಟ ತಪ್ಪಿಸೋಕೆ ಒಂದು ತಿಂಗಳು ಕಮ್ಮಿ. ಅದು ತಪ್ಪೇನಲ್ಲ. ಆದರೆ ಆ ಸ್ಟಾಂಪ್ ಪೇಪರಲ್ಲಿ ಏನು ಟೈಪ್ ಮಾಡಿಸ್ತಾರೋ ಅದೇ ನಿಮ್ಮ ಸಂವಿಧಾನ ಆಗಿಬಿಡುತ್ತೆ. ‘ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳತಕ್ಕದ್ದು’ ಅಂತ ಇದ್ದರೆ ನೀವು ಎಂಟು ತಿಂಗಳಿದ್ದರೂ ಎಂಟು ವರ್ಷ ಇದ್ದರೂ ಒಂದೇ. ಬಳಕೆಯಿಂದ ಸಹಜವಾಗಿ ಸವೆಯೋದಕ್ಕೆ ಬಾಡಿಗೆದಾರ ಹೊಣೆ ಅಲ್ಲ ಅಂತ 1882ರ ಸ್ವತ್ತು ವರ್ಗಾವಣೆ ಕಾಯ್ದೆ 108ನೇ ಕಲಮಿನಲ್ಲೇ ಇದೆ. ಆದರೆ ಬೇರೆ ಕರಾರು ಇಲ್ಲದಿದ್ದರೆ ಮಾತ್ರ ಅದು ನಡೆಯುತ್ತೆ. ನಾವು ಓದದೇ ಸಹಿ ಹಾಕಿದ ಸಾಲೇ ಆ ಬೇರೆ ಕರಾರು.

ನಾಯಿ ವಿಷಯಕ್ಕೆ ಬಂದರೆ ವಾಟ್ಸಾಪಲ್ಲಿ ಒಂದು ಅರ್ಧಸತ್ಯ ಓಡಾಡ್ತಿದೆ, ‘ಪ್ರಾಣಿ ಸಾಕೋದನ್ನ ಯಾರೂ ತಡೆಯೋ ಹಾಗಿಲ್ಲ’ ಅಂತ. ಪೂರ್ತಿ ನಿಜ ಅಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಮತ್ತು 2021ರ ಕೇರಳ ಹೈಕೋರ್ಟ್ ತೀರ್ಪು, ಎರಡೂ ಹೇಳೋದು ನಿವಾಸಿಗಳ ಸಂಘಗಳಿಗೆ. ಸಂಘ ಬಹುಮತದಿಂದಲೂ ಸಾಕುಪ್ರಾಣಿ ನಿಷೇಧ ಮಾಡೋ ಹಾಗಿಲ್ಲ. ಆದರೆ ಒಬ್ಬ ಮನೆ ಓನರ್ ತನ್ನ ಬಾಡಿಗೆದಾರನ ಜೊತೆ ಬರೆಸಿಕೊಳ್ಳೋ ಕರಾರಿನ ಮಾತು ಬೇರೆ. ಅಪಾರ್ಟ್‌ಮೆಂಟಿನ ಫ್ಲಾಟ್ ಮಾಲೀಕನಿಗೆ ಸಿಕ್ಕ ರಕ್ಷಣೆ ವಠಾರದ ಬಾಡಿಗೆದಾರನಿಗೆ ತಾನಾಗಿ ಇಳಿದು ಬರಲ್ಲ. ಅದನ್ನ ನಂಬ್ಕೊಂಡು ಓನರ್ ಮುಂದೆ ಮೊಬೈಲ್ ಹಿಡಿದು ವಾದ ಮಾಡಬೇಡಿ.

ಜಾತಿ ಕಾರಣಕ್ಕೆ ಮನೆ ಕೊಡದಿದ್ದರೆ? 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯ 4ನೇ ಕಲಮಿನಲ್ಲಿ, ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟೋದು, ಪಡೆಯೋದು, ಅದರಲ್ಲಿರೋದು, ಇದಕ್ಕೆ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಅಪರಾಧ ಅಂತ ಸ್ಪಷ್ಟವಾಗಿದೆ. ಒಂದರಿಂದ ಆರು ತಿಂಗಳು ಜೈಲು, ಜೊತೆಗೆ 100ರಿಂದ 500 ರೂಪಾಯಿ ದಂಡ. ಅದಕ್ಕಿಂತ ಮುಖ್ಯ 12ನೇ ಕಲಮು. ಈ ಕಾಯ್ದೆಯಡಿ ಅಪರಾಧ ಆಗೋ ಕೆಲಸವನ್ನ ಪರಿಶಿಷ್ಟ ಜಾತಿಯವರ ವಿಷಯದಲ್ಲಿ ಮಾಡಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ಮಾಡಿದ್ದು ಅಂತ ಕೋರ್ಟು ಭಾವಿಸಬೇಕು, ಅಲ್ಲ ಅಂತ ತೋರಿಸೋ ಹೊಣೆ ಎದುರಿನವರದ್ದು. ‘ನಾಯಿ ಕಾರಣ ಸಾರ್, ಜಾತಿ ಅಲ್ಲ’ ಅನ್ನೋ ಮಾತಿಗೆ ಅರವತ್ತೆಪ್ಪತ್ತು ವರ್ಷ ಹಿಂದೆಯೇ ಉತ್ತರ ಬರೆದಿಟ್ಟಿದ್ದಾರೆ. ಅದನ್ನ ಓದಿಕೊಂಡು ದೂರು ಬರೆಯೋರು ಬೇಕು, ಓದಿಕೊಂಡು ದೂರು ತಗೊಳ್ಳೋರೂ ಬೇಕು. ದುಡ್ಡಿನ ಭಯ ಇಲ್ಲದ ದೂರುದಾರನೂ ಬೇಕು, ಅದಕ್ಕೇ ಮತ್ತೆ ಅಡ್ವಾನ್ಸಿಗೆ ಬಂದೆ.

ಓನರ್‌ಗಳ ಕಡೆಯೂ ಮಾತಿದೆ, ಅದನ್ನ ಮುಚ್ಚಿಡಲ್ಲ. ಈ ತಾಲೂಕಿನ ಎಷ್ಟೋ ಓನರ್ರು ಮೊನ್ನೆ ಮೊನ್ನೆವರೆಗೆ ರಾಗಿ ಬೆಳೀತಿದ್ದವರು. ಜಮೀನು ಕೆಐಎಡಿಬಿಗೋ ಲೇಔಟಿಗೋ ಹೋಯ್ತು, ಬಂದ ದುಡ್ಡಲ್ಲಿ ಮೂರು ಮಹಡಿ ಎತ್ತಿದರು, ಸಾಲದಲ್ಲಿ ನಾಲ್ಕನೇದು. ಅಡ್ವಾನ್ಸ್ ಅವರ ಕೈಯಲ್ಲಿ ನಿಲ್ಲಲ್ಲ, ಮಗಳ ಮದುವೆಗೋ ಬೋರ್‌ವೆಲ್‌ಗೋ ಹೋಗಿರುತ್ತೆ. ಅದಕ್ಕೇ ‘ಹೊಸಬರು ಬಂದ ಮೇಲೆ ಕೊಡ್ತೀನಿ’ ಅನ್ನೋದು. ಸುಳ್ಳಲ್ಲ ಅದು, ನಿಜವಾಗಲೂ ಅವರ ಹತ್ರ ಇರಲ್ಲ. ಹೊಸ ಬಾಡಿಗೆದಾರನ ಸಾಲದಿಂದ ಹಳೇ ಬಾಡಿಗೆದಾರನ ಸಾಲ ತೀರಿಸೋ ಈ ಸರಪಳಿಯಲ್ಲಿ ಬಡ್ಡಿ ಕಟ್ಟೋರು ಮಾತ್ರ ಯಾವಾಗಲೂ ನಾವೇ. ಮೂರು ತಿಂಗಳ ಬಾಡಿಗೆ ಬಾಕಿ ಇಟ್ಟು ರಾತ್ರೋರಾತ್ರಿ ಹೋದವರೂ ಇದ್ದಾರೆ. ಹನ್ನೆರಡು ಗಂಟೆ ಶಿಫ್ಟಿಗೆ ಹೋಗಿ ನಾಯೀನ ಬಾಲ್ಕನಿಯಲ್ಲಿ ಕಟ್ಟಿಹಾಕಿ, ಅದು ರಾತ್ರಿಯೆಲ್ಲಾ ಊಳಿಟ್ಟು ಪಕ್ಕದ ಮನೆ ಕೂಸು ಮಲಗದ ಹಾಗೆ ಮಾಡೋರೂ ಇದ್ದಾರೆ. ಹಾಗೆ ಸಾಕೋದು ಪ್ರೀತಿ ಅಲ್ಲ, ನಾಯಿಗೇ ಹಿಂಸೆ. ಮನೆ ಬದಲಾಯಿಸುವಾಗ ಬನ್ನೇರುಘಟ್ಟ ರಸ್ತೆಯ ಪಕ್ಕ ಬಿಟ್ಟು ಹೋಗೋರನ್ನಂತೂ ಕ್ಷಮಿಸೋಕಾಗಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ, ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ನಮ್ಮನ್ನ ಮನೆಯಿಂದ ಹೊರಗಿಟ್ಟರೆ ಹೆಚ್ಚೆಂದರೆ 500 ರೂಪಾಯಿ ದಂಡ, ನಾಯೀನ ಬೀದಿಗೆ ಬಿಟ್ಟರೆ 50. ಎರಡು ಕಾಯ್ದೆ ಬರೆದವರಿಗೂ ಒಂದೇ ತಕ್ಕಡಿ ಸಿಕ್ಕಿತ್ತು ಅನ್ನಿಸುತ್ತೆ.

ಇನ್ನೊಂದು ಮಾತು, ಇದು ನಮ್ಮೋರಿಗೆ. ನಮ್ಮ ಅಂಬೇಡ್ಕರ್ ನಗರಗಳಲ್ಲೂ ಈಗ ಶೀಟ್ ಮನೆ ಸಾಲಾಗಿ ಕಟ್ಟಿ ಬಿಹಾರ, ಒಡಿಶಾ, ಜಾರ್ಖಂಡಿನ ಹುಡುಗರಿಗೆ ಬಾಡಿಗೆಗೆ ಕೊಟ್ಟಿರೋರಿದ್ದಾರೆ. ಸಂತೋಷ, ನಾಲ್ಕು ಕಾಸು ಬರಲಿ. ಆದರೆ ‘ಸಾಬ್ರಿಗೆ ಕೊಡಲ್ಲ’, ‘ಹಿಂದಿಯವರು ಗಲೀಜು, ಅವರ ಅಡ್ವಾನ್ಸ್ ವಾಪಸ್ ಕೊಟ್ಟರೆಷ್ಟು ಬಿಟ್ಟರೆಷ್ಟು’ ಅಂತ ಮಾತಾಡೋದನ್ನ ನಾನೇ ಕೇಳಿಸ್ಕೊಂಡಿದ್ದೀನಿ. ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಇಟ್ಕೊಂಡು ಬರೋಡಾದ ಛತ್ರದವರ ಕೆಲಸ ಮಾಡೋಕಾಗಲ್ಲ ಅಣ್ಣ. ಈ ಸಾಲಿಗೆ ಬೇಜಾರಾಗೋರು ಆಗಲಿ.

ಏನು ಬೇಕು ಅಂದ್ರೆ ಬಹಳ ಇಲ್ಲ. ಅಡ್ವಾನ್ಸ್ ಎರಡು ತಿಂಗಳು, ರಾಜ್ಯದ ಕಾಯ್ದೆಯಲ್ಲೇ, ಯಾವ ಸಂದೂ ಇಲ್ಲದೆ. ಬಾಡಿಗೆ ಎಷ್ಟೇ ಇರಲಿ ಕಾಯ್ದೆ ಅನ್ವಯಿಸಬೇಕು. ನಾಯಿ ಬೆಕ್ಕು ಇದ್ದರೆ ಸಾರಾಸಗಟು ನಿಷೇಧದ ಬದಲು ಇಂಜೆಕ್ಷನ್ ಚೀಟಿ ತೋರಿಸಬೇಕು, ಹಾಳಾದದ್ದಕ್ಕೆ ಬಿಲ್ಲು ಇಟ್ಟು ಅಷ್ಟೇ ಕಳೆಯಬೇಕು, ಅಂದಾಜಿನ ಮೇಲಲ್ಲ. ಇಂಗ್ಲೆಂಡಲ್ಲಿ 2007ರಿಂದ ಠೇವಣಿ ಓನರ್ ಜೇಬಲ್ಲಿ ಸುಮ್ಮನೆ ಇರೋ ಹಾಗಿಲ್ಲ, ಸರ್ಕಾರ ಒಪ್ಪಿದ ಯೋಜನೆಯ ರಕ್ಷಣೆಯಲ್ಲಿರಬೇಕು. ಜಗಳ ಬಂದರೆ ಓನರ್ ಒಬ್ಬನೇ ನ್ಯಾಯಾಧೀಶ ಆಗಲ್ಲ. 2025ರಲ್ಲಿ ಅಲ್ಲಿ ಮಾಡಿದ ಬಾಡಿಗೆದಾರರ ಹಕ್ಕಿನ ಕಾಯ್ದೆಯಲ್ಲಿ ಪ್ರಾಣಿ ಸಾಕ್ತೀನಿ ಅಂತ ಕೇಳಿದರೆ ಸರಿಯಾದ ಕಾರಣ ಇಲ್ಲದೆ ಓನರ್ ಬೇಡ ಅನ್ನೋ ಹಾಗಿಲ್ಲ ಅಂತಲೂ ಸೇರಿಸಿದ್ದಾರೆ. ನಮಗೆ ಎರಡನೇದು ತಡವಾಗಿ ಬಂದರೂ ಸರಿ, ಮೊದಲನೇದು ಬೇಗ ಬರಲಿ. ದುಡ್ಡು ಮೂರನೆಯವರ ಹತ್ರ ಇದ್ದರೆ ಸ್ಟೇಟಸ್ ಹಾಕೋಕೆ ಯಾರೂ ಹೆದರಲ್ಲ.

ಕಾಯ್ದೆ ಬರೋವರೆಗೆ ನಾವು ಮಾಡಬಹುದಾದದ್ದು ಇಷ್ಟು. ಬೀಗದಕೈ ತಗೊಂಡ ದಿನ, ಸಾಮಾನು ಇಳಿಸೋ ಮುಂಚೆ, ಬಾಗಿಲು, ಕಿಟಕಿ, ನಲ್ಲಿ, ಸಿಂಕು, ಗೋಡೆ ಎಲ್ಲಾ ವಿಡಿಯೋ ಮಾಡಿ ಓನರ್‌ಗೇ ವಾಟ್ಸಾಪ್ ಕಳಿಸಿ, ತಾರೀಖು ತಾನಾಗಿ ಉಳಿಯುತ್ತೆ. ಅಡ್ವಾನ್ಸ್ ಬ್ಯಾಂಕ್ ಮೂಲಕ ಕೊಡಿ, ನಗದು ಕೊಟ್ಟರೆ ರಶೀದಿ ಇಲ್ಲದೆ ಬಿಡಬೇಡಿ. ನಾಯಿ ಇದ್ದರೆ ಮೊದಲೇ ಹೇಳಿ, ಒಪ್ಪಿದರೆ ಅಗ್ರಿಮೆಂಟಲ್ಲಿ ಒಂದು ಸಾಲು ಬರೆಸಿ. ಬಾಯಿಮಾತಿನ ಒಪ್ಪಿಗೆ ಏಪ್ರಿಲ್ 14ರವರೆಗೆ ಮಾತ್ರ ಅಂತ ಆ ಚಂದಾಪುರದ ಜೋಡಿಗೆ ಗೊತ್ತಾಗಿದೆ. ದುಡ್ಡು ಕೊಡದಿದ್ದರೆ ಮೂರು ವರ್ಷದೊಳಗೆ ದಾವೆ ಹಾಕಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉಚಿತ ವಕೀಲರ ನೆರವು ಇದೆ. ಆನೇಕಲ್ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಲೋಕ ಅದಾಲತ್‌ವರೆಗೆ ದಾರಿ ಇದೆ.

ಅರ್ಜಿ ಬರೆಯೋಕೆ ಬರಲ್ಲ ಅನ್ನೋರು ಭಾನುವಾರ ಹತ್ತು ಗಂಟೆ ಮೇಲೆ ನನಗೆ ಫೋನ್ ಮಾಡಿ ಬನ್ನಿ. ಅಗ್ರಿಮೆಂಟು, ರಶೀದಿ, ವಿಡಿಯೋ ತನ್ನಿ. ಹಾಲು ಉಕ್ಕಿಸಿದ ವಿಡಿಯೋ ಇದ್ದರೆ ಅದನ್ನೂ.

ಜೈ ಭೀಮ್.